ರೈಫಲ್‌ನ ನಿಖರತೆ ನೋಡಲು ಯಾವ ರೆಸ್ಟ್? ಪಾಯಿಂಟ್ 22 ಶೂಟರ್‌ಗಳಿಗೆ ಮಾರ್ಗದರ್ಶಿ

50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 10.4 ಮಿ.ಮೀ. ಈಗ ರೈಫಲ್‌ಗೆ ಮುಂದೊಂದು ಹಿಂದೊಂದು ಆಸರೆ, ಅಂದರೆ ರೆಸ್ಟ್, ಕೊಟ್ಟಿದ್ದೀರಿ, ಎರಡರ ನಡುವೆ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳಿ. ಅದರಲ್ಲಿ ಒಂದು ಆಸರೆ ಬರೀ 0.1 ಮಿ.ಮೀ. ಕುಸಿದರೂ 50 ಮೀಟರ್ ದೂರದಲ್ಲಿ ಗುಂಡು 10 ಮಿ.ಮೀ. ಆಚೀಚೆ ಆಗುತ್ತದೆ. 0.1 ಮಿ.ಮೀ. ಎಂದರೆ ಒಂದು ಹಾಳೆ ಕಾಗದದ ದಪ್ಪ. ಅಷ್ಟು ಕುಸಿತಕ್ಕೆ ಹೆಚ್ಚುಕಡಿಮೆ ಇಡೀ ಹತ್ತರ ವೃತ್ತ ಕೈಬಿಟ್ಟು ಹೋಗುತ್ತದೆ.

ಬ್ಯಾರೆಲ್ ಸವೆದಿದೆ, ಗುಂಡಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಸರಿಯಿಲ್ಲ, ಸ್ಕೋಪ್ ಕೆಟ್ಟಿದೆ ಎಂಬ ತೀರ್ಮಾನಗಳಲ್ಲಿ ಎಷ್ಟೋ ಈ ಕಾಗದದ ದಪ್ಪದಿಂದಲೇ ಹುಟ್ಟಿದವು. ಮುಂದಿನ ಆಸರೆಗೆ ಸಾವಿರಾರು ರೂಪಾಯಿ ಸುರಿದು, ಹಿಂದೆ ಬಟ್‌ನ (ಭುಜಕ್ಕೆ ತಾಗುವ ತುದಿಯ) ಕೆಳಗೆ ಮಡಚಿದ ಜಾಕೆಟ್ಟನ್ನೋ ಮುಷ್ಟಿಯನ್ನೋ ಇಟ್ಟುಕೊಂಡು ಹೊಡೆಯುವವರನ್ನು ಯಾವ ರೇಂಜ್‌ನಲ್ಲಾದರೂ ನೋಡಬಹುದು. ಮೇಲಿನ ಲೆಕ್ಕಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಹಾಗಾಗಿ ದುಡ್ಡು, ಶ್ರಮ, ಗಮನ ಮೊದಲು ಮೇಜಿಗೆ ಹೋಗಲಿ, ಆಮೇಲೆ ಹಿಂದಿನ ಚೀಲಕ್ಕೆ. ಮುಂದಿನ ರೆಸ್ಟ್ ಮೂರನೆಯದು.

ಏನನ್ನು ಪರೀಕ್ಷಿಸುತ್ತಿದ್ದೀರಿ?

ರೆಸ್ಟ್ ಕೊಳ್ಳುವ ಮೊದಲು ಇದು ತೀರ್ಮಾನವಾಗಬೇಕು. ಒಂದೇ ರೈಫಲ್‌ಗೆ ನಾಲ್ಕೈದು ಲಾಟ್ ಗುಂಡು ಹಾಕಿ ಯಾವುದು ಚೆನ್ನಾಗಿ ಕೂರುತ್ತದೆ ಎಂದು ನೋಡುವುದಾದರೆ ಮನುಷ್ಯನ ಕೈ ಎಷ್ಟು ಕಡಿಮೆ ತಾಗಿದರೆ ಅಷ್ಟು ಒಳ್ಳೆಯದು. ಗುಂಡು ತಯಾರಿಸುವ ಈಲೀ, ಲಾಪುವಾದಂಥ ಕಂಪನಿಗಳ ಪರೀಕ್ಷಾ ಕೇಂದ್ರಗಳಲ್ಲಿ ರೈಫಲನ್ನು ಗಟ್ಟಿ ಚೌಕಟ್ಟಿಗೆ ಬಿಗಿದು ಲಾಟ್ ಮೇಲೆ ಲಾಟ್ ಹೊಡೆದು ನೋಡುವುದು ಇದಕ್ಕೇ. ರೈಫಲ್, ಸ್ಕೋಪ್, ಮೌಂಟ್ ಎಲ್ಲ ಸೇರಿ ಎಷ್ಟು ನಿಖರ ಎಂದು ತಿಳಿಯಲು ಮುಂದೆ ರೆಸ್ಟ್, ಹಿಂದೆ ಮರಳು ಚೀಲ ಇದ್ದರೆ ಸಾಕು. ಬೇಕಾದದ್ದು ಬರೀ ಜೀರೋ ಮಾಡುವುದಾದರೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವುದಾದರೆ, ಎರಡು ಒಳ್ಳೆಯ ಚೀಲಗಳಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ.

ಬಿಗಿ ಹಿಡಿಯುವುದಲ್ಲ, ಮೊದಲಿನ ಜಾಗಕ್ಕೇ ಮರಳುವುದು ಮುಖ್ಯ

ಗುಂಡು ಬ್ಯಾರೆಲ್ ಬಿಡುವ ಮೊದಲೇ ರೈಫಲ್ ಹಿಂದಕ್ಕೆ ಸರಿಯಲು ಶುರುಮಾಡಿರುತ್ತದೆ. ಸಾಮಾನ್ಯ ಪಾಯಿಂಟ್ 22 ಲಾಂಗ್ ರೈಫಲ್ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ರೈಫಲ್ 3.5 ಕೆ.ಜಿ., ಬ್ಯಾರೆಲ್ 60 ಸೆಂ.ಮೀ. ಇದ್ದರೆ ಗುಂಡು ಮೂತಿಗೆ ಬರುವ ಹೊತ್ತಿಗೆ ರೈಫಲ್ ಸುಮಾರು 0.45 ಮಿ.ಮೀ. ಹಿಂದೆ ಸರಿದಿರುತ್ತದೆ. ಕಣ್ಣಿಗೆ ಕಾಣದ ಈ ಅರ್ಧ ಮಿ.ಮೀ. ಪ್ರತಿ ಸಲವೂ ಒಂದೇ ರೀತಿ ನಡೆಯಬೇಕು. ಒಮ್ಮೆ ನುಣುಪಾಗಿ ಜಾರಿ, ಇನ್ನೊಮ್ಮೆ ಸ್ಲಿಂಗ್ ಪಟ್ಟಿಯ ಕೊಕ್ಕೆ ಚೀಲಕ್ಕೆ ಸಿಕ್ಕಿಕೊಂಡರೆ ಬೀಳುವ ಜಾಗವೂ ಬದಲಾಗುತ್ತದೆ. ಹೀಗಾಗಿ ರೆಸ್ಟ್ ಆರಿಸುವಾಗ ಎರಡೇ ಪ್ರಶ್ನೆ: ಹಿಂದೊದೆತದಲ್ಲಿ ರೈಫಲ್ ಇದರ ಮೇಲೆ ತಡೆಯಿಲ್ಲದೆ ಜಾರುತ್ತದೆಯೇ? ಮುಂದಕ್ಕೆ ತಳ್ಳಿದಾಗ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆಯೇ?

ಮಾರುಕಟ್ಟೆಯಲ್ಲಿ ಸಿಗುವವು

ಬೈಪಾಡ್, ಅಂದರೆ ರೈಫಲ್ ಮುಂಭಾಗಕ್ಕೆ ಸಿಕ್ಕಿಸುವ ಎರಡು ಕಾಲಿನ ಆಸರೆ, ಹಗುರ, ಒಯ್ಯಲು ಸುಲಭ. ಆದರೆ ಗಟ್ಟಿ ಮೇಜಿನ ಮೇಲೆ ಅದರ ರಬ್ಬರ್ ಕಾಲು ಪುಟಿಯುತ್ತದೆ, ಕೀಲುಗಳಲ್ಲಿ ಆಟವಿರುತ್ತದೆ. ಬಳಸಲೇಬೇಕಾದರೆ ಕಾಲಿನ ಕೆಳಗೆ ದಪ್ಪ ಕಾರ್ಪೆಟ್ ತುಂಡು ಹಾಸಿ, ಪ್ರತಿ ಸಲ ಭುಜದಿಂದ ಒಂದೇ ಒತ್ತಡದಲ್ಲಿ ಮುಂದಕ್ಕೆ ತಳ್ಳಿ ಹಿಡಿಯಿರಿ. ನಿಖರತೆ ಅಳೆಯಲು ಇದು ಮೊದಲ ಆಯ್ಕೆಯಲ್ಲ.

ಮುಂದು ಹಿಂದು ಎರಡೂ ಒಂದೇ ಚೌಕಟ್ಟಿನಲ್ಲಿರುವ, ಬಟ್ ಹಿಂದೆ ತಡೆಪಟ್ಟಿ ಇರುವ ಸ್ಲೆಡ್ ಹೊಸಬರಿಗೆ ಇಷ್ಟವಾಗುತ್ತದೆ. ಪಾಯಿಂಟ್ 22ಕ್ಕೆ ಅದರಿಂದ ಅಪಾಯವೇನಿಲ್ಲ. ಪಾಯಿಂಟ್ 315ನಂಥ ದೊಡ್ಡ ಬೋರಿಗೆ ಮಾತ್ರ ಎಚ್ಚರ ಬೇಕು. ಸ್ಲೆಡ್ ಮೇಲೆ ಹತ್ತಿಪ್ಪತ್ತು ಕಿಲೋ ತೂಕ ಹೇರಿ ಅದು ಅಲುಗದಂತೆ ಮಾಡಿದರೆ, ಭುಜ ನುಂಗಬೇಕಿದ್ದ ಹೊಡೆತವನ್ನು ಸ್ಟಾಕ್ (ಬ್ಯಾರೆಲ್ ಕೂರಿಸಿರುವ ರೈಫಲ್‌ನ ಒಡಲು) ನುಂಗಬೇಕಾಗುತ್ತದೆ. ಮರದ ಸ್ಟಾಕ್ ಹಿಡಿಯ ಹತ್ತಿರ ಸೀಳುವುದು, ಸ್ಕೋಪ್ ಒಳಗಿನ ಭಾಗಗಳು ಸಡಿಲವಾಗುವುದು ಹೀಗೆಯೇ. ತೂಕ ಹಾಕದೆ, ಜಾರಲು ಬಿಟ್ಟು ಬಳಸಿ.

ಉಳಿದದ್ದು ಬಿಡಿ ರೆಸ್ಟ್ ಮತ್ತು ಹಿಂದಿನ ಚೀಲದ ಜೋಡಿ. ಪರೀಕ್ಷೆಗೆ ಇದನ್ನೇ ಆರಿಸಿಕೊಳ್ಳಿ.

ಮೇಜು

ಮೂರು ಕಾಲಿನ ಮೇಜು ಎಂಥ ನೆಲದಲ್ಲೂ ತೂಗಾಡುವುದಿಲ್ಲ. ನಾಲ್ಕು ಕಾಲಿನದ್ದಾದರೆ ಒಂದು ಕಾಲಿಗೆ ಬೆಣೆ ಕೊಟ್ಟೇ ತೀರಬೇಕು. ಸಿಮೆಂಟ್ ಕಟ್ಟೆಯ ಮೇಲೆ ದಪ್ಪ ಕಲ್ಲು ಚಪ್ಪಡಿ ಹಾಕಿದ ಬೆಂಚ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಡಚುವ ಅಲ್ಯುಮಿನಿಯಂ ಮೇಜು, ಪ್ಲಾಸ್ಟಿಕ್ ಮೇಜು ಬೇಡವೇ ಬೇಡ. ಹಗುರ ಮೇಜೇ ಗತಿಯಾದರೆ ಕಾಲುಗಳ ಅಡ್ಡಪಟ್ಟಿಯ ಮೇಲೆ ಮರಳು ಮೂಟೆ ಇಡಿ.

ಪರೀಕ್ಷೆ ಸುಲಭ. ರೈಫಲ್ ಖಾಲಿ ಇರುವಾಗ ಆಸರೆಯ ಮೇಲಿಟ್ಟು, ಸ್ಕೋಪ್‌ನಲ್ಲಿ ಟಾರ್ಗೆಟ್ ನೋಡುತ್ತ ಮೇಜಿನ ಮೇಲೆ ಮೊಣಕೈಯನ್ನು ಒತ್ತಿ ಬಿಡಿ. ಕ್ರಾಸ್‌ಹೇರ್ (ಸ್ಕೋಪ್ ಒಳಗೆ ಕಾಣುವ ಗುರಿಗೆರೆ) ಸರಿದು ವಾಪಸ್ ಬಾರದಿದ್ದರೆ ಆ ಮೇಜಿನ ಮೇಲೆ ಎಂಥ ದುಬಾರಿ ರೆಸ್ಟ್ ಇಟ್ಟರೂ ವ್ಯರ್ಥ.

ಹಿಂದಿನ ಚೀಲ

ಬಟ್‌ನ ಕೆಳಭಾಗ ಕೂರಲು ನಡುವೆ ಸೀಳಿದ್ದು, ಎರಡು ಬದಿಗೆ ಕಿವಿ ಎದ್ದಿರುವ ಚೀಲ ಬೇಕು. ಸುಮಾರು 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚೀಲಕ್ಕೆ ಎರಡೂವರೆ ಕಿಲೋದಷ್ಟು ಮರಳು ಹಿಡಿಯುತ್ತದೆ. ಚರ್ಮದ್ದು ಬಹುಕಾಲ ಬರುತ್ತದೆ. ಊರಿನ ಟೈಲರ್ ಹತ್ತಿರ ದಪ್ಪ ಕ್ಯಾನ್ವಾಸ್ ಅಥವಾ ಹಳೆ ಜೀನ್ಸ್ ಬಟ್ಟೆ ಕೊಟ್ಟು ಎರಡು ಪದರ, ಎರಡು ಸಾಲು ಹೊಲಿಗೆ ಹಾಕಿಸಿದರೂ ಕೆಲಸ ಒಂದೇ. ಬಾಯಿ ಮಾತ್ರ ಒಂದು ಬದಿಯಲ್ಲಿರಲಿ. ಮೇಲೆ ಬಂದರೆ ಹೊಲಿಗೆಯ ಉಬ್ಬು ಸ್ಟಾಕನ್ನು ತಡೆಯುತ್ತದೆ.

ಒಳಗೆ ತುಂಬುವುದು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಸಣ್ಣ ಜರಡಿ ಹಿಡಿದ ನದಿ ಮರಳು. ಎಂ-ಸ್ಯಾಂಡ್ ಬೇಡ. ಅದರ ಕಣಗಳ ಅಂಚು ಚೂಪಾಗಿರುವುದರಿಂದ ಬಟ್ಟೆ ಬೇಗ ತೂತಾಗುತ್ತದೆ, ಕಲ್ಲುಪುಡಿ ಹೊಲಿಗೆಯಿಂದ ಸೋರಿ ಬೋಲ್ಟ್‌ಗೂ ಸ್ಕೋಪ್ ಗಾಜಿಗೂ ಮೆತ್ತಿಕೊಳ್ಳುತ್ತದೆ. ಕಡಲ ತೀರದ ಮರಳಿನಲ್ಲಿ ಉಪ್ಪು ಇರುತ್ತದೆ. ಅದು ತೇವ ಎಳೆದುಕೊಂಡು ಚೀಲವನ್ನೂ ಕೊಳೆಸುತ್ತದೆ, ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ. ಅಕ್ಕಿ, ರಾಗಿ ಹಗುರ, ಜೊತೆಗೆ ಹುಳ ಬೀಳುತ್ತದೆ. ಎರಕದ ಕಾರ್ಖಾನೆಗಳಲ್ಲಿ ಬಳಸುವ ಜಿರ್ಕಾನ್ ಮರಳು ಸಿಕ್ಕರೆ ಬಿಡಬೇಡಿ. ಸಾಧಾರಣ ಮರಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುವುದರಿಂದ ಅದೇ ಅಳತೆಯ ಚೀಲ ಇನ್ನೂ ಭದ್ರವಾಗಿ ಕೂರುತ್ತದೆ.

ಎಷ್ಟು ತುಂಬಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಕಲ್ಲಿನಂತೆ ಗಿಡಿದು ತುಂಬಿದರೆ ಸ್ಟಾಕ್ ಪುಟಿಯುತ್ತದೆ, ಹಿಂಡಿ ಎತ್ತರ ಹೊಂದಿಸಲೂ ಆಗುವುದಿಲ್ಲ. ಅರ್ಧ ಬಿಟ್ಟರೆ ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ ಕುಸಿಯುತ್ತ ಹೋಗುತ್ತದೆ. ಚೀಲದ ಬುಡ ಗಟ್ಟಿಯಾಗಿ ತುಂಬಿ, ಕಿವಿಗಳನ್ನು ಬೆರಳಲ್ಲಿ ಹಿಂಡಿದರೆ ಬಾಗುವಷ್ಟು ಸಡಿಲ ಬಿಡಿ. ಒಟ್ಟು ಮುಕ್ಕಾಲಿಗಿಂತ ತುಸು ಹೆಚ್ಚು. ತುಂಬಿದ ಮೇಲೆ ನೆಲಕ್ಕೆ ಹತ್ತು ಸಲ ಕುಕ್ಕಿ. ಮರಳು ಇಳಿಯುತ್ತದೆ, ಇಳಿದಷ್ಟನ್ನು ಮತ್ತೆ ತುಂಬಿ ಆಮೇಲೆ ಬಾಯಿ ಹೊಲಿಯಿರಿ. ಮಲೆನಾಡು, ಕೊಡಗಿನ ಕಡೆಯ ಮಳೆಗಾಲಕ್ಕೆ ಮರಳನ್ನು ಮೊದಲು ದಪ್ಪ ಪಾಲಿಥಿನ್ ಚೀಲದಲ್ಲಿ ಕಟ್ಟಿ ಆಮೇಲೆ ಬಟ್ಟೆ ಚೀಲಕ್ಕೆ ಹಾಕುವುದು ಒಳ್ಳೆಯದು. ಒದ್ದೆ ಮರಳಿಗೆ ಒಣ ಮರಳಿನ ಗುಣವಿಲ್ಲ, ಒತ್ತಿದಲ್ಲೇ ಹಳ್ಳ ಬಿದ್ದು ನಿಲ್ಲುತ್ತದೆ.

ಮುಂದಿನ ರೆಸ್ಟ್ ಕೊಳ್ಳುವಾಗ

ಎರಕದ ಕಬ್ಬಿಣದ ಮೂರು ಕಾಲಿನ ಬುಡ, ಐದು ಕಿಲೋಗೆ ಕಡಿಮೆಯಿಲ್ಲದ ತೂಕ, ಕಾಲಿನ ತುದಿಯಲ್ಲಿ ತಿರುಪಿ ಎತ್ತರ ಹೊಂದಿಸುವ ಮೊನೆ. ನಡುವಿನ ತಿರುಪನ್ನು ಪೂರ್ತಿ ಮೇಲೆತ್ತಿ, ತಲೆಯನ್ನು ಪಕ್ಕಕ್ಕೆ ಅಲುಗಿಸಿ ನೋಡಿ. ಲಾಕ್ ನಟ್ ಬಿಗಿದ ಮೇಲೂ ಕಟಕಟ ಎನ್ನುವುದಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಆ ಆಟ ಒಂದು ಕಾಗದದ ದಪ್ಪಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮೇಲಿನ ಸಣ್ಣ ಚೀಲ ನಿಮ್ಮ ಫೋರೆಂಡ್ (ಸ್ಟಾಕ್‌ನ ಮುಂಭಾಗ) ಅಗಲಕ್ಕೆ ಹೊಂದಬೇಕು. ಬೆಂಚ್‌ರೆಸ್ಟ್ ಸ್ಟಾಕ್ ತಳ ಚಪ್ಪಟೆಯಾಗಿದ್ದು 3 ಇಂಚು, ಅಂದರೆ 76 ಮಿ.ಮೀ. ಅಗಲವಿರುತ್ತದೆ. ಸ್ಪೋರ್ಟಿಂಗ್ ರೈಫಲ್‌ನದ್ದು ದುಂಡಗೆ, ಅದರ ಅರ್ಧಕ್ಕಿಂತ ತುಸು ಅಗಲ. ಅಗಲ ಚೀಲದಲ್ಲಿ ದುಂಡು ಫೋರೆಂಡ್ ಇಟ್ಟರೆ ರೈಫಲ್ ಹೊರಳಾಡುತ್ತದೆ. ಮಲಗಿ ಹೊಡೆಯುವ ಪ್ರೋನ್ ಮ್ಯಾಚ್ ರೈಫಲ್ ಆದರೆ ಕೆಳಗಿನ ರೈಲ್‌ನಿಂದ ಹ್ಯಾಂಡ್‌ಸ್ಟಾಪ್ ಕಳಚಿ, ರೈಲ್‌ನ ತೋಡಿನ ಮೇಲೆ ಟೇಪ್ ಅಂಟಿಸಿ. ಇಲ್ಲದಿದ್ದರೆ ಅದರ ಅಂಚು ಚೀಲವನ್ನು ಕೊರೆಯುತ್ತದೆ.

ಬಜೆಟ್ ಇಲ್ಲವೇ? ದಪ್ಪ ಮರದ ದಿಮ್ಮಿಯ ಮೇಲೆ ಮೂರು ಕಿಲೋ ಮರಳಿನ ಉದ್ದ ಚೀಲ ಇಟ್ಟು, ನಡುವೆ ಕೈಯಂಚಿನಿಂದ ಗುದ್ದಿ ಹಳ್ಳ ಮಾಡಿಕೊಳ್ಳಿ. ಎತ್ತರ ಹೊಂದಿಸುವ ಅನುಕೂಲವಷ್ಟೇ ಇರುವುದಿಲ್ಲ. ಪಾಯಿಂಟ್ 22ರ ಹಗುರ ಹಿಂದೊದೆತಕ್ಕೆ ಅದು ಧಾರಾಳವಾಗಿ ಸಾಕು.

ಜೋಡಿಸುವ ಕ್ರಮ

ಪರವಾನಗಿ ಇರುವ ಆಯುಧ, ಅನುಮತಿ ಇರುವ ರೇಂಜ್ ಮತ್ತು ಟಾರ್ಗೆಟ್ ಹಿಂದೆ ಎತ್ತರದ ಮಣ್ಣಿನ ದಿಬ್ಬ, ಈ ಮೂರೂ ಇದ್ದರೆ ಮಾತ್ರ ಮುಂದಿನ ಮಾತು. ಕೊಡವರಿಗೂ ಕೊಡಗಿನ ಜಮ್ಮಾ (ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಆದರೆ ದಿಬ್ಬದಿಂದ ಯಾರಿಗೂ ವಿನಾಯಿತಿ ಇಲ್ಲ. ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್ ದೂರದಲ್ಲೂ ಅಪಾಯಕಾರಿ. ಕೆಳಗಿನ ಹೊಂದಾಣಿಕೆ ಎಲ್ಲವೂ ಬೋಲ್ಟ್ ತೆರೆದು, ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇರುವಾಗ ನಡೆಯಬೇಕು.

1. ಸ್ಲಿಂಗ್, ಅದರ ಕೊಕ್ಕೆಗಳನ್ನು ಕಳಚಿ. ಸ್ಕೋಪ್ ಮೌಂಟ್ ಮತ್ತು ಸ್ಟಾಕ್ ತಿರುಪುಗಳು ಬಿಗಿಯಾಗಿವೆಯೇ ನೋಡಿ.

2. ಮುಂದಿನ ರೆಸ್ಟನ್ನು ಟಾರ್ಗೆಟ್ ಕಡೆಗೆ ನೇರವಾಗಿಟ್ಟು, ಫೋರೆಂಡ್ ತುದಿಯಿಂದ 5ರಿಂದ 8 ಸೆಂ.ಮೀ. ಒಳಗೆ ಆಸರೆ ಬರುವಂತೆ ರೈಫಲ್ ಕೂರಿಸಿ. ಆ ಜಾಗಕ್ಕೆ ಸ್ಟಾಕ್ ಮೇಲೆ ಟೇಪಿನ ಗುರುತು ಹಾಕಿ. ಬ್ಯಾರೆಲ್ ಎಲ್ಲೂ ತಾಗಬಾರದು. ತಾಗಿದರೆ ಬ್ಯಾರೆಲ್‌ನ ಕಂಪನವೇ ಬದಲಾಗಿ ಗುಂಡು ಬೇರೆ ಕಡೆ ಬೀಳುತ್ತದೆ.

3. ಹಿಂದಿನ ಚೀಲವನ್ನು ಬಟ್‌ನ ತುದಿಗೆ ಆದಷ್ಟು ಹತ್ತಿರ ಇಡಿ. ಎರಡು ಆಸರೆಗಳ ಅಂತರ 50 ಸೆಂ.ಮೀ.ನಿಂದ 70ಕ್ಕೆ ಹೋದರೆ ಮೊದಲು ಹೇಳಿದ 10 ಮಿ.ಮೀ. ತಪ್ಪು 7ಕ್ಕೆ ಇಳಿಯುತ್ತದೆ. ಚೀಲವನ್ನು ಮೇಜಿಗೆ ಎರಡು ಸಲ ಗುದ್ದಿ ಕೂರಿಸಿ.

4. ಎರಡೂ ಚೀಲದ ಮೇಲೆ, ಸ್ಟಾಕ್ ತಾಗುವಲ್ಲಿ ಚಿಟಿಕೆ ಟಾಲ್ಕಂ ಪೌಡರ್ ಸವರಿ.

5. ಒರಟು ಎತ್ತರವನ್ನು ಮುಂದಿನ ತಿರುಪಿನಿಂದ, ಸೂಕ್ಷ್ಮ ಎತ್ತರವನ್ನು ಹಿಂದಿನ ಚೀಲ ಹಿಂಡಿ ಹೊಂದಿಸಿ. ಕುರ್ಚಿಯ ಎತ್ತರ ಕುತ್ತಿಗೆ ಬಗ್ಗಿಸದೆ ಕೆನ್ನೆ ಸ್ಟಾಕ್‌ಗೆ ತಾಗುವಷ್ಟಿರಲಿ.

6. ಈಗ ಜಾರಿಸುವ ಪರೀಕ್ಷೆ. ಸ್ಕೋಪ್ ನೋಡುತ್ತ ರೈಫಲನ್ನು ಕೈಯಲ್ಲಿ ನಿಧಾನ 10 ಮಿ.ಮೀ. ಹಿಂದಕ್ಕೆಳೆಯಿರಿ. ಸ್ಟಾಕ್‌ನ ಇಳಿಜಾರಿನಿಂದಾಗಿ ಕ್ರಾಸ್‌ಹೇರ್ ನೇರ ಮೇಲೆ ಕೆಳಗೆ ಸರಿದರೆ ಪರವಾಗಿಲ್ಲ. ಎಡಬಲಕ್ಕೆ ಹೋದರೆ ಎರಡು ಚೀಲಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ. ಹಿಂದಿನದನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿ. ಟೇಪ್ ಗುರುತಿಗೆ ವಾಪಸ್ ತಳ್ಳಿದಾಗ ಕ್ರಾಸ್‌ಹೇರ್ ಮೊದಲಿದ್ದಲ್ಲಿಗೇ ಬರುವ ತನಕ ಗುಂಡು ತುಂಬಬೇಡಿ. ಈ ಹಂತಕ್ಕೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ.

ಸ್ಕೋಪ್‌ನ ಪ್ಯಾರಲಾಕ್ಸ್ ಕೂಡ ಇಲ್ಲೇ ನೋಡಿಕೊಳ್ಳಿ. ದೊಡ್ಡ ಬೋರಿನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 50 ಮೀಟರ್‌ನಲ್ಲಿ ರೈಫಲ್ ಅಲುಗದೆ ತಲೆ ಮಾತ್ರ ಅಲುಗಿದರೂ ಕ್ರಾಸ್‌ಹೇರ್ ಸರಿದಂತೆ ಕಂಡರೆ ಆ ತಪ್ಪನ್ನು ರೆಸ್ಟ್ ಸರಿಪಡಿಸಲಾರದು.

ಹೊಡೆಯುವುದು ಮತ್ತು ಅಳೆಯುವುದು

ಹೊಸ ಲಾಟ್ ಹಾಕಿದಾಗ ಮೊದಲ ಐದರಿಂದ ಹತ್ತು ಗುಂಡು ದಿಬ್ಬಕ್ಕೆ ಹೊಡೆಯಿರಿ, ಬ್ಯಾರೆಲ್ ಆ ಲಾಟ್‌ನ ಗುಂಡಿನ ಮೇಲಿನ ಮೇಣಕ್ಕೆ ಹೊಂದಿಕೊಳ್ಳಲಿ. ನಂತರ 5 ಗುಂಡಿನ ಐದು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು). ಭುಜ ಹಗುರವಾಗಿ ತಾಗಿರಲಿ, ಹಿಡಿಯನ್ನು ಹಿಚುಕಬೇಡಿ, ಎಡಗೈ ಹಿಂದಿನ ಚೀಲದ ಮೇಲಿರಲಿ. ಗುಂಡು ಹೋದ ಮೇಲೂ ಒಂದು ಕ್ಷಣ ಟ್ರಿಗರ್ ಹಾಗೇ ಹಿಡಿದಿರಿ. ಎರಡು ಲಾಟ್ ಹೋಲಿಸುವಾಗ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಮರಳಿ. ಮಧ್ಯಾಹ್ನದ ಗಾಳಿಯ ತಪ್ಪನ್ನು ಎರಡನೆಯ ಲಾಟ್ ಮೇಲೆ ಹೊರಿಸಿದಂತಾಗಬಾರದು.

3 ಗುಂಡಿನ ಗ್ರೂಪ್ ನೋಡಿ ಹಿಗ್ಗಬೇಡಿ. 3 ಗುಂಡಿನ ಸರಾಸರಿ 12 ಮಿ.ಮೀ. ಬರುವ ರೈಫಲ್, ಏನೂ ಬದಲಾಗದಿದ್ದರೂ, 5 ಗುಂಡಿಗೆ ಸುಮಾರು 15, 10 ಗುಂಡಿಗೆ ಸುಮಾರು 19 ಮಿ.ಮೀ. ಕೊಡುತ್ತದೆ. ಅಳೆಯುವಾಗ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ ಹಿಡಿದು ಒಂದು ತೂತಿನ ಅಗಲ ಕಳೆಯಿರಿ. ಗುಂಡು 5.6 ಮಿ.ಮೀ. ಇದ್ದರೂ ಕಾಗದದ ತೂತು ಅದಕ್ಕಿಂತ ಚಿಕ್ಕದಾಗಿರುತ್ತದೆ. ಅದೇ ಹಾಳೆಯಲ್ಲಿ ಒಂಟಿಯಾಗಿ ಬಿದ್ದ ತೂತನ್ನು ಅಳೆದು ಆ ಸಂಖ್ಯೆಯನ್ನೇ ಬಳಸಿ. ಹಾಳಾದ ಗ್ರೂಪ್ ಎಂದು ಯಾವುದನ್ನೂ ಕೈಬಿಡಬೇಡಿ, ಐದರ ಸರಾಸರಿಯೇ ಉತ್ತರ.

ಗ್ರೂಪ್‌ನ ಆಕಾರ ಹೇಳುವುದೇನು

ತೂತುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ಮೊದಲ ಅನುಮಾನ ಹಿಂದಿನ ಚೀಲದ ಮೇಲೆ. ಗುಂಡಿನಿಂದ ಗುಂಡಿಗೆ ಕ್ರಮವಾಗಿ ಮೇಲೇರುತ್ತಿದ್ದರೆ ಹಿಂದಿನ ಚೀಲ ಕುಸಿಯುತ್ತಿದೆ, ಕ್ರಮವಾಗಿ ಇಳಿಯುತ್ತಿದ್ದರೆ ಮುಂದಿನದು. ಪ್ರತಿ ಸಲ ಕ್ರಾಸ್‌ಹೇರ್ ಹೊಂದಿಸಿಕೊಂಡು ಹೊಡೆಯುವವರಿಗೆ ಈ ಕುಸಿತ ಟಾರ್ಗೆಟ್‌ನಲ್ಲಿ ಕಾಣದೆ ಹೋಗಬಹುದು. ಆಗ ಪ್ರತಿ ಗುಂಡಿನ ಮುಂಚೆ ಎಷ್ಟು ಹಿಂಡಬೇಕಾಯಿತು ಎಂಬುದೇ ಸುಳಿವು. ಕ್ರಮವಿಲ್ಲದೆ ಮೇಲೆ ಕೆಳಗೆ ಆಗುತ್ತಿದ್ದರೆ ಗುಂಡಿನ ವೇಗವನ್ನು ಶಂಕಿಸಿ. ಸೆಕೆಂಡಿಗೆ 325 ಮೀಟರ್ ವೇಗದ ಗುಂಡುಗಳ ನಡುವೆ 10 ಮೀಟರ್ ವ್ಯತ್ಯಾಸ ಬಂದರೆ 50 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಎತ್ತರದ ವ್ಯತ್ಯಾಸವಾಗುತ್ತದೆ. ಇದನ್ನು ಯಾವ ರೆಸ್ಟೂ ಅಳಿಸುವುದಿಲ್ಲ.

ಅಡ್ಡಡ್ಡ ಹರಡಿದರೆ ಗಾಳಿ, ಇಲ್ಲವೇ ಕೆನ್ನೆಯ ಒತ್ತಡ. ಸೆಕೆಂಡಿಗೆ 1 ಮೀಟರ್ ವೇಗದ ಅಡ್ಡಗಾಳಿ, ಮುಖಕ್ಕೆ ತಾಗಿದರೆ ಗೊತ್ತೂ ಆಗದಷ್ಟು, 5–6 ಮಿ.ಮೀ. ಸರಿಸುತ್ತದೆ. ಟಾರ್ಗೆಟ್ ದಾರಿಯಲ್ಲಿ ಕಡ್ಡಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ನಿಲ್ಲಿಸಿ, ಅದು ಒಂದೇ ರೀತಿ ಇರುವಾಗ ಮಾತ್ರ ಹೊಡೆಯಿರಿ. ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ಎರಡು ಕಡೆ ಗುಂಪಾಗಿ ಬಿದ್ದು ನಡುವೆ ಖಾಲಿ ಬಿಟ್ಟಿದ್ದರೆ ಏನೋ ಒಂದು ಎರಡು ಸ್ಥಿತಿಯಲ್ಲಿ ಕೂರುತ್ತಿದೆ. ಸಡಿಲ ಮೌಂಟ್, ಸಡಿಲ ಸ್ಟಾಕ್ ತಿರುಪು, ರೆಸ್ಟ್ ತಲೆಯ ಆಟ, ಈ ಕ್ರಮದಲ್ಲಿ ಹುಡುಕಿ.

ಸ್ಪ್ರಿಂಗ್ ಏರ್ ರೈಫಲ್ ಬೇರೆಯೇ

ಮೇಲಿನದ್ದೆಲ್ಲ ಒತ್ತಡದ ಗಾಳಿ ತುಂಬಿದ ಪಿಸಿಪಿ ಏರ್ ರೈಫಲ್‌ಗೂ ಹೊಂದುತ್ತದೆ. ಸ್ಪ್ರಿಂಗ್ ಏರ್ ಗನ್‌ಗೆ ಹೊಂದುವುದಿಲ್ಲ. ಅದರಲ್ಲಿ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೂ, ಪಿಸ್ಟನ್ ತಡೆದು ನಿಂತಾಗ ಮುಂದಕ್ಕೂ ಒದೆಯುತ್ತದೆ. ಪೆಲೆಟ್ ಹೊರಬೀಳುವ ಮೊದಲೇ ಇದೆಲ್ಲ ನಡೆಯುವುದರಿಂದ ಚೀಲದ ಮೇಲೆ ನೇರ ಇಟ್ಟರೆ ಗ್ರೂಪ್ ಚದುರುತ್ತದೆ. ಅಂಗೈಯನ್ನು ಬಿಚ್ಚಿ ಚೀಲದ ಮೇಲಿಟ್ಟು, ಟ್ರಿಗರ್ ಗಾರ್ಡ್‌ನ ಮುಂದೆ ತೂಕ ಸಮವಾಗುವ ಜಾಗದಲ್ಲಿ ರೈಫಲನ್ನು ಅಂಗೈ ಮೇಲೆ ಸುಮ್ಮನೆ ಕೂರಿಸಿ. ಬೆರಳು ಮಡಚಬೇಡಿ, ಭುಜಕ್ಕೆ ಒತ್ತಬೇಡಿ.

ರೆಸ್ಟ್‌ನಲ್ಲಿ ಸಿಕ್ಕ ಜೀರೋ ಕೈಯಲ್ಲಿ ಹಿಡಿದಾಗ ಹಾಗೇ ಇರುತ್ತದೆ ಎಂದು ನಂಬುವಂತಿಲ್ಲ. ಸ್ಲಿಂಗ್‌ನ ಎಳೆತ, ಭುಜದ ಒತ್ತಡ, ಕೆನ್ನೆಯ ಭಾರ ಎಲ್ಲವೂ ಅದನ್ನು ಸರಿಸುತ್ತವೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ಕೊಡಗಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಪಾಯಿಂಟ್ 22 ಸಿದ್ಧಪಡಿಸುವವರು ಚೀಲದ ಮೇಲೆ ಲಾಟ್ ಆರಿಸಿಕೊಂಡ ಮೇಲೆ, ಸ್ಪರ್ಧೆಯಲ್ಲಿ ಹೇಗೆ ನಿಂತು ಹಿಡಿಯುತ್ತೀರೋ ಹಾಗೇ ಹಿಡಿದು ಅದೇ ದೂರಕ್ಕೆ ಕನಿಷ್ಠ ಹತ್ತು ಗುಂಡು ಕಾಗದಕ್ಕೆ ಹೊಡೆಯಿರಿ. ಹತ್ತೂ ತೂತುಗಳ ನಡುಭಾಗ ಎಲ್ಲಿದೆಯೋ ಅಲ್ಲಿಂದ ಸ್ಕೋಪ್ ಕ್ಲಿಕ್ ತಿರುಗಿಸಿ, ಆ ಲಾಟ್‌ನ ಸಂಖ್ಯೆಯನ್ನೂ ತಿರುಗಿಸಿದ ಕ್ಲಿಕ್‌ಗಳನ್ನೂ ಡಬ್ಬಿಯ ಮೇಲೇ ಬರೆದಿಡಿ.